ಕಲಂ ಎಂಬತ್ತು ಡಿಡಿ

ಜುಲೈ ಇಪ್ಪತ್ತೊಂಬತ್ತು. ಯಾದಗಿರಿ ಸ್ಟೇಷನ್ ರೋಡಿನ
ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಮಶಾಕ್ ಪಟೇಲರ ಫ್ಯಾನು ಪ್ರತಿ ಸುತ್ತಿಗೂ
ಯೋಚಿಸಿ ಮುಂದಿನ ಸುತ್ತು ಹಾಕುತ್ತದೆ.
ಗೂಡ್ಸ್ ಗಾಡಿ ಹಾಯುವಾಗ
ನನ್ನ ಫಾರಂ ಹದಿನಾರು
ಮೇಜಿನ ಮೇಲೆ ತಾನಾಗಿ ಒಂದಿಂಚು ಸರಿಯಿತು.

ಜೆಸ್ಕಾಂನಲ್ಲಿ ಹನ್ನೊಂದು ವರ್ಷ
ಊರಿನವರ ಬಿಲ್ಲು ತಿದ್ದಿದವಳು ನಾನು.
ಯೂನಿಟ್ಟು, ಸ್ಲ್ಯಾಬು, ಬಾಕಿ, ಬಡ್ಡಿ,
ಬೈಗುಳ ಸಮೇತ ಎಲ್ಲ ಗೊತ್ತು.
ನನ್ನದೇ ಪಗಾರದಲ್ಲಿ ಕತ್ತರಿ ಆಡಿದ ಜಾಗ ಮಾತ್ರ
ಒಮ್ಮೆಯೂ ಓದಿರಲಿಲ್ಲ.

"ಬಾಡಿಗಿ ರಸೀತಿ ತಂದೀನ್ರಿ," ಅಂದೆ.
ಆಫೀಸಿನ ಶಿವಲೀಲಕ್ಕ ಹೇಳಿಕೊಟ್ಟಿದ್ದು:
ಶಹಾಪುರದ ಸೋದರಮಾವನ ಹೆಸರು,
ಹನ್ನೆರಡು ಸಹಿ, ಹನ್ನೆರಡು ರೆವಿನ್ಯೂ ಸ್ಟಾಂಪು,
ಎಲ್ಲಕ್ಕೂ ಒಂದೇ ಪೆನ್ನು.
ಪಟೇಲರು ಬೆಳಕಿಗೆ ಹಿಡಿದು ನೋಡಿ ನಕ್ಕರು.
"ಜನವರಿದಾಗೂ ಡಿಸೆಂಬರ್‌ದಾಗೂ
ನಿಮ್ಮ ಮಾಮಾನ ಕೈ ಒಂದೇ ಜಾಗಾದಾಗ ನಡುಗ್ಯಾದ ನೋಡ್ರಿ ಅಕ್ಕಾ.
ಉಳಿಸೋದು ಬ್ಯಾರೆ, ಕದಿಯೋದು ಬ್ಯಾರೆ.
ಒಯ್ದು ಒಲಿಗೆ ಹಾಕ್ರಿ."

ಆಮೇಲೆ ಕೇಳುತ್ತ ಹೋದರು, ಹಕೀಮರು ನಾಡಿ ಹಿಡಿದಂತೆ:
ಎಲ್‌ಐಸಿ? ಅದ. ಮಗಳ ಶಾಲಿ ಫೀಸು? ಅದ.
ಬರೆದರು, ಕೂಡಿದರು, ಕಳೆದರು.
"ಐದು ಲಕ್ಷಕ್ಕೊಂದು ಗೆರಿ ಅದ.
ಅದರ ಒಳಗ ಬಂದ್ರ, ಹಳೇ ಪದ್ಧತಿಯೊಳಗ ತೆರಿಗಿನೇ ಇಲ್ಲ.
ನೀವು ಐವತ್ತೈದು ಸಾವಿರ ಹೊರಗ ನಿಂತೀರಿ.
ಮನಿಯಾಗ ಮತ್ತ ಯಾರದಾರ?"

ತಮ್ಮ ಅದಾನ್ರಿ. ಮೌನೇಶ.
ತಿಂಥಣಿ ಮೋನಪ್ಪಯ್ಯನ ಹರಕೆಯ ಹೆಸರು;
ಇಟ್ಟಾಗ ಯಾರಿಗೂ ಗೊತ್ತಿರಲಿಲ್ಲ
ಕೂಸಿಗೆ ಕಿವಿ ಕೇಳದೆಂದು.

ಅವನ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿತ್ತು,
ಬಸ್ ಪಾಸಿಗಷ್ಟೇ ಹೊರಗೆ ಬರುವಂಥದ್ದು.
ಪರೀಕ್ಷೆಯ ದಿನ ಕಿವಿಗೆ ಯಂತ್ರ ಸಿಕ್ಕಿಸಿ
ಸದ್ದಾದಾಗ ಕೈ ಎತ್ತು ಎಂದು ಸನ್ನೆ ಮಾಡಿದರೆ,
ಗಾಜಿನಾಚೆಯ ಹುಡುಗಿ ಬೇಸರಪಟ್ಟಾಳೆಂದು
ಆಗಾಗ ಕೈ ಎತ್ತುತ್ತಿದ್ದ ಪುಣ್ಯಾತ್ಮ.

"ಹನ್ನೊಂದು ವರ್ಷ ಇದನ್ನ ತೋರಿಸೇ ಇಲ್ಲೇನ್ರಿ?"
ಪಟೇಲರು ಕನ್ನಡಕ ತೆಗೆದರು.
"ಎಪ್ಪತ್ತೈದು ಸಾವಿರ. ತೆರಿಗಿಯೊಳಗ ಅಲ್ಲ, ಆದಾಯದೊಳಗ ಕಳೀತಾರ.
ಬಿಲ್ಲು ಕೇಳಂಗಿಲ್ಲ, ಎಷ್ಟು ಖರ್ಚು ಮಾಡಿದಿ ಅನ್ನಂಗಿಲ್ಲ.
ಹೋದ ವರ್ಷಗಳು ಹೋದವು. ಈ ಸಲಕ್ಕ ಬರೀತೀನಿ:
ಸಂಬಂಧ, ಸಹೋದರ. ಪೂರ್ತಿ ಅವಲಂಬಿತ."

ಒಂದು ನಿಮಿಷ ನಿಲ್ಲಿಸ್ರಿ ಅಂದೆ.

ಬೆಳಗಿನ ಐದಕ್ಕೆ ರೊಟ್ಟಿ ಬಡಿಯುವವನು ಅವನು.
ಓಣಿಗೆಲ್ಲ ಆ ಸದ್ದೇ ಅಲಾರಾಂ,
ಅವನೊಬ್ಬನನ್ನು ಬಿಟ್ಟು.
ಮಗಳ ಜಡೆ, ನನ್ನ ಡಬ್ಬಿ,
ಗಂಡ ಲಾರಿ ಹತ್ತಿದ ವಾರಗಳಲ್ಲಿ ರಾತ್ರಿಯ ಚಿಲಕ.
ನನ್ನ ಪಗಾರದಲ್ಲಿ ಉಣ್ಣುವವನು, ನಿಜ;
ಅವನಿಲ್ಲದೆ ಪಗಾರ ಎಲ್ಲಿಯದು?
ಆ ಲೆಕ್ಕಕ್ಕೆ ಯಾವ ಕಲಂ ಎಂದು ಕೇಳಿದೆ.
"ಅದಕ್ಕ ಖಾನೇನೇ ಇಲ್ಲ ಅಕ್ಕಾ," ಅಂದರು,
"ಇದ್ದ ಖಾನೇದಾಗ ಬರೀಬೇಕು."

ಸಹಿ ಮಾಡಿದೆ.

ದಸರೆಯ ಹೊತ್ತಿಗೆ ಮೊಬೈಲು ಕಿಣಿ ಅಂತು:
ಇಪ್ಪತ್ನಾಲ್ಕು ಸಾವಿರದ ನಾನೂರ ನಲವತ್ತು ವಾಪಸು.
ತೋರಿಸಿದೆ. ಯಾಕೆಂದು ಹುಬ್ಬಿನಲ್ಲೇ ಕೇಳಿದ.
ಅವಲಂಬಿತ ಎನ್ನಲು ನಮ್ಮ ಮನೆಯಲ್ಲಿ ಸನ್ನೆ ಇರಲಿಲ್ಲ.
ಅವನ ಭುಜ ಎಳೆದು ನನ್ನ ಭುಜಕ್ಕೆ ಆನಿಸಿ ತೋರಿಸಿದೆ;
ತೂಕ ತಪ್ಪಿ ಇಬ್ಬರೂ ಓಲಿದೆವು.
ಹಿಟ್ಟಿನ ಬೆರಳಲ್ಲಿ ಅಂಕಿಗಳನ್ನು ಒಮ್ಮೆ ಮುಟ್ಟಿ
ಒಲೆಯ ಕಡೆ ಕೈ ಮಾಡಿದ:
ಹಂಚು ಬಿರುಕು ಬಿಟ್ಟಿದೆ, ಹೊಸದು ತಾ.